ಅವ್ವನ ಟಿಕೆಟ್ ಮಾಡಿಸುವ ಮುಂಚೆ

ತಮ್ಮಾ, ಹೆಂಡತಿಯ ಬಾಣಂತನಕ್ಕೆ ಅವ್ವನನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕರೆಸಿಕೊಳ್ಳುತ್ತೀಯಂತೆ, ಕೇಳಿ ಬಹಳ ಸಂತೋಷವಾಯಿತು. ಒಂದು ಮಾತು ಹೇಳುತ್ತೇನೆ: ಪ್ರಯಾಣದ ಹೊತ್ತನ್ನು ಹರಿಹರದ ಮನೆಯ ಹೊಸ್ತಿಲಿನಿಂದ ಲೆಕ್ಕ ಹಾಕು.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಆಕಾಶದ ದಾರಿಯೇ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಅಲ್ಲಿಂದ ಉತ್ತರ ಧ್ರುವದ ಮೇಲೆ ಬೆಂಗಳೂರಿಗೆ ವಿಮಾನ ಹಾರಿಸಿಕೊಂಡು ಬಂದರಲ್ಲ, ಎಲ್ಲೂ ಇಳಿಯದ ಆ ವಿಮಾನಕ್ಕೇ 17 ತಾಸಿನ ಹತ್ತಿರ ಹಿಡಿಯಿತು. ನಡುವೆ ಇಳಿದು ಹತ್ತುವುದಾದರೆ ಒಂದು ಹಗಲು, ಒಂದು ರಾತ್ರಿ ಅದರಲ್ಲೇ ಕಳೆಯುತ್ತದೆ.

ಟಿಕೆಟ್ಟಿನ ಮೇಲಿನ ಗಂಟೆ ನೋಡಿ ಮೋಸಹೋಗಬೇಡ. ಹೊರಡುವುದಕ್ಕೆ ನಮ್ಮ ಸಮಯ, ಇಳಿಯುವುದಕ್ಕೆ ಅಲ್ಲಿನ ಸಮಯ ಬರೆದಿರುತ್ತಾರೆ. ಬೇಸಿಗೆಯಲ್ಲಿ ಅವರು ನಮಗಿಂತ ಹನ್ನೆರಡೂವರೆ ತಾಸು ಹಿಂದೆ. ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು 17 ತಾಸು ಹಾರಿದರೂ ಅಲ್ಲಿ ಸೋಮವಾರ ಸಂಜೆ ಆರೂವರೆ! ಅವ್ವನ ಮೈಗೆ ಮಾತ್ರ ಅದು ಮಂಗಳವಾರದ ಬೆಳಗು, ನಿದ್ದೆಗೆಟ್ಟ ಬೆಳಗು.

ಇದಕ್ಕೆ ನಮ್ಮ ಕಡೆಯ ದಾರಿ ಸೇರಿಸು. ಚಿತ್ರದುರ್ಗ, ಹಿರಿಯೂರು, ಸಿರಾ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋದರೆ ಬೆಂಗಳೂರಿನ ಟ್ರಾಫಿಕ್ಕು ತಪ್ಪುತ್ತದೆ. ಆದರೂ ಐದು ತಾಸು ಇಟ್ಟುಕೋ. ವಿಮಾನಕ್ಕೆ ಮೂರು ತಾಸು ಮುಂಚೆ ಅಲ್ಲಿರಬೇಕು. ಬೆಳಗಿನ ಜಾವದ ವಿಮಾನವಾದರೆ ಹಿಂದಿನ ಸಂಜೆಯೇ ಹೊರಟಳೆಂದು ತಿಳಿ. ವಿದೇಶದ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್ಲಿನಿಂದ. ಕಾರಿನವನಿಗೆ ಮೊದಲೇ ಹೇಳಿಡು.

ನಾಲ್ಕು ಕಾಸು ಉಳಿಯುತ್ತದೆಂದು ಎರಡು ಬೇರೆ ಬೇರೆ ಟಿಕೆಟ್ ಜೋಡಿಸಬೇಡ. ಮೊದಲನೆಯದು ತಡವಾದರೆ ಎರಡನೆಯ ವಿಮಾನ ಕಾಯುವುದಿಲ್ಲ, ದುಡ್ಡೂ ಹೋಗುತ್ತದೆ. ಒಂದೇ ಟಿಕೆಟ್, ಒಂದೇ ಕಡೆ ಇಳಿದು ಹತ್ತುವುದು, ನಡುವೆ ಮೂರು ತಾಸಾದರೂ ಬಿಡುವು. ವಿಮಾನ ಬದಲಿಸುವುದು ಅಮೆರಿಕದೊಳಗಿನ ಊರಿನಲ್ಲಿ ಬೇಡ. ಅಲ್ಲಿ ಇಮಿಗ್ರೇಷನ್ ಮುಗಿಸಿ, ಸೂಟ್‌ಕೇಸ್ ಎತ್ತಿಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ಇಂಗ್ಲಿಷ್ ಬಾರದ ಹೆಂಗಸು, ಒಬ್ಬಳೇ. ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಕೇಳು. ನಡೆಯಲು ಬರುತ್ತದೆ ಎಂದು ಅವ್ವ ಬೇಡ ಅಂದಾಳು, ಕೇಳಬೇಡ. ಉದ್ದುದ್ದ ನಡೆಯುವುದು ತಪ್ಪುತ್ತದೆ, ತಳ್ಳುವವರು ಮುಂದಿನ ಗೇಟು ಮುಟ್ಟಿಸುತ್ತಾರೆ.

ಬಿಪಿ, ಸಕ್ಕರೆ ಮಾತ್ರೆ, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ. ಗಡಿಯಾರ ಹನ್ನೆರಡು ತಾಸು ಹಿಂದೆ ಸರಿದಾಗ ಯಾವ ಮಾತ್ರೆ ಯಾವಾಗ ಎಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ, ಕನ್ನಡದಲ್ಲಿ ಬರೆಸಿಕೊಡು. ಕೂತಲ್ಲೇ ಕೂತರೆ ಕಾಲು ಬಾಯುತ್ತದೆ. ಓಡಾಡಲು ಅನುಕೂಲವಾಗುವಂತೆ ದಾರಿ ಪಕ್ಕದ ಸೀಟು ಹಿಡಿ.

ಮನೆಗೆ ಬಂದ ದಿನವೇ ಅವಳು ಬಾಣಂತಿಯ ಅಡುಗೆಗೆ ನಿಲ್ಲುತ್ತಾಳೆ, ನಿನಗೂ ಗೊತ್ತು. ಅದಕ್ಕೇ, ಮೊದಲು ದಣಿವಾರಿಸಿಕೊಳ್ಳಲು ಹೊತ್ತು ಸಿಗುವಂತೆ ಹೆರಿಗೆಯ ದಿನಕ್ಕಿಂತ ಎರಡು ವಾರ ಮುಂಚಿನ ಟಿಕೆಟ್ ನೋಡು.