ಹೀಟರಿನ ಲೆಕ್ಕ



ನಾನು ಪುಣೆಗೆ ಬಂದ ಮೊದಲ ಚಳಿಗಾಲದಲ್ಲಿ ಒಂದು ಬಾಡಿಗೆಯ ಕೋಣೆಯಲ್ಲಿ ವಾಸವಾಗಿದ್ದೆನು. ದೀಪದ ತಂತಿಯು ಮೂಲೆಯವರೆಗೆ ಸಾಲದೆ, ನನಗಿಂತ ಮೊದಲು ಇದ್ದವರಾರೋ ಅದಕ್ಕೆ ಇನ್ನೊಂದು ತುಂಡನ್ನು ಹೊಸೆದು, ಮೇಲೆ ಟೇಪು ಸುತ್ತಿ, ಪ್ಲಗ್ಗಿನ ಬೋರ್ಡೊಂದನ್ನು ಕೂಡಿಸಿದ್ದರು. ಅದರಲ್ಲಿ 60 ವ್ಯಾಟಿನ ಬಲ್ಬು ತಿಂಗಳುಗಟ್ಟಲೆ ಯಾವ ತೊಂದರೆಯೂ ಇಲ್ಲದೆ ಉರಿಯಿತು. ಚಳಿ ಹೆಚ್ಚಿದ ಒಂದು ಮುಂಜಾನೆ ಅದೇ ಬೋರ್ಡಿಗೆ 1500 ವ್ಯಾಟಿನ ಹೀಟರನ್ನು ಜೋಡಿಸಿದೆನು. ಬಕೆಟಿನ ನೀರು ಬೆಚ್ಚಗಾಗುವ ಮೊದಲೇ ಸುಟ್ಟ ವಾಸನೆ ಬಂದಿತು. ನೋಡಿದರೆ ತಂತಿ ಹೊಸೆದಿದ್ದ ಜಾಗದಿಂದ ಹೊಗೆ ಏಳುತ್ತಿದ್ದಿತು. ಓಡಿಹೋಗಿ ಮೇನ್ ಸ್ವಿಚ್ಚನ್ನು ಆರಿಸಿದೆನು. ಓಮನ ನಿಯಮವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದವನು ನಾನು! ನಿಯಮವು ಬಾಯಿಗೆ ಬಂದಿತ್ತು, ಲೆಕ್ಕವನ್ನು ಮಾತ್ರ ಮಾಡಿರಲಿಲ್ಲ. ಅದನ್ನು ಈಗ ನಿಮ್ಮೊಡನೆ ಮಾಡುತ್ತೇನೆ.

ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟ್. ಒತ್ತಡವನ್ನು ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯವು ವ್ಯಾಟುಗಳಲ್ಲಿ ದೊರೆಯುತ್ತದೆ. ಒತ್ತಡವನ್ನು ಪ್ರವಾಹದಿಂದ ಭಾಗಿಸಿದರೆ ರೋಧವು ಓಮುಗಳಲ್ಲಿ ದೊರೆಯುತ್ತದೆ. ಹೀಟರಿನ ಸಾಮರ್ಥ್ಯವು ಅದರ ಮೇಲೆಯೇ ಅಚ್ಚಾಗಿರುವುದರಿಂದ ಪ್ರವಾಹವನ್ನು ಹೀಗೆ ತಿಳಿಯಬಹುದು: 1500 ÷ 230 = 6.52 ಆಂಪಿಯರ್. ಅದರ ರೋಧ 230 ÷ 6.52, ಎಂದರೆ ಸುಮಾರು 35.3 ಓಮ್. ಬಲ್ಬಿಗಾದರೋ 60 ÷ 230 = 0.26 ಆಂಪಿಯರ್, ರೋಧ ಸುಮಾರು 882 ಓಮ್. (ಇದು ಉರಿಯುತ್ತಿರುವ ಬಲ್ಬಿನ ರೋಧ. ಆರಿದ ಬಲ್ಬನ್ನು ಮೀಟರಿನಿಂದ ಅಳೆದರೆ ಇದರ ಹತ್ತರಲ್ಲೊಂದು ಭಾಗವೂ ಬಾರದು. ನಿಯಮ ಸುಳ್ಳಾಯಿತೆಂದು ಗಾಬರಿಯಾಗಬೇಡಿರಿ. ಒಳಗಿನ ತಂತಿ ಕಾದಂತೆ ಅದರ ರೋಧವು ಏರುತ್ತದೆ.)

ಈಗ ಆ ಜೋಡಣೆಯನ್ನು ನೋಡೋಣ. ಸಡಿಲವಾಗಿ ಹೊಸೆದ ತಂತಿಯಲ್ಲಿ ತಾಗುವ ಜಾಗವು ಕಡಿಮೆ; ಆದುದರಿಂದ ಅಲ್ಲಿ ರೋಧವು ಹೆಚ್ಚು. ಅದನ್ನು ಅರ್ಧ ಓಮ್ ಎಂದು ಹಿಡಿಯೋಣ. ಒತ್ತಡವೆಂದರೆ ಪ್ರವಾಹ ಮತ್ತು ರೋಧಗಳ ಗುಣಲಬ್ಧ. ಅದನ್ನು ಮತ್ತೆ ಪ್ರವಾಹದಿಂದ ಗುಣಿಸಿದರೆ, ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಂತಾಯಿತು. ಆ ಜಾಗದಲ್ಲಿ ಶಾಖವಾಗಿ ಹೋಗುವ ಸಾಮರ್ಥ್ಯವು ಇದೇ. ಬಲ್ಬು ಉರಿಯುವಾಗ: 0.26 × 0.26 × 0.5 = 0.034 ವ್ಯಾಟ್. ಕೈಯಿಂದ ಮುಟ್ಟಿದರೂ ತಿಳಿಯದು. ಹೀಟರು ನಡೆಯುವಾಗ: 6.52 × 6.52 × 0.5 = 21 ವ್ಯಾಟಿಗೂ ಹೆಚ್ಚು. ರೇಡಿಯೋ ರಿಪೇರಿಯವರು ಸೀಸ ಕರಗಿಸಿ ಬೆಸುಗೆ ಹಾಕುವ ಸಣ್ಣ ಉಪಕರಣವು 25 ವ್ಯಾಟಿನದು. ಅಷ್ಟೊಂದು ಶಾಖವು ಟೇಪಿನೊಳಗಿನ ಬಟಾಣಿಯಷ್ಟು ಜಾಗದಲ್ಲಿ ಸೇರಿತು! ಪ್ರವಾಹವು 25 ಪಾಲು ಹೆಚ್ಚಿದರೆ ಶಾಖವು 25 ಪಾಲಲ್ಲ, 625 ಪಾಲು ಹೆಚ್ಚುತ್ತದೆ. 'ಇಷ್ಟು ದಿನ ಏನೂ ಆಗಲಿಲ್ಲ' ಎಂಬ ಮಾತು ಬಲ್ಬಿನ ಲೆಕ್ಕ, ಹೀಟರಿನದಲ್ಲ.

ಸಾಮಾನ್ಯವಾಗಿ ಚಿಕ್ಕ ಪ್ಲಗ್ಗು 6 ಆಂಪಿಯರಿಗೆ, ದೊಡ್ಡದು 16 ಆಂಪಿಯರಿಗೆ ಎಂದು ಗೊತ್ತುಮಾಡಿರುತ್ತಾರೆ. ನನ್ನ ಹೀಟರಿಗೆ ದೊಡ್ಡದೇ ಬೇಕಾಗಿದ್ದಿತು. ನೀವು ಮಾತ್ರ ಬೋರ್ಡನ್ನು ಬಿಚ್ಚಿ ನೋಡಲು ಹೋಗಬೇಡಿರಿ. ಅಕ್ಷರಗಳನ್ನು ಓದಿ ಹಿರಿಯರಿಗೆ ತಿಳಿಸಿದರೆ ಸಾಕು.

ಇದೇ ವರ್ಗದ ಲೆಕ್ಕವು ನಮ್ಮ ನಾಡಿನ ಒಂದು ದೊಡ್ಡ ಕಾರ್ಯದಲ್ಲಿಯೂ ಅಡಗಿದೆ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು 147 ಕಿಲೋಮೀಟರು ದೂರ, ವಿದ್ಯುತ್ತನ್ನು ಸಾಗಿಸಿದರು. ಅಷ್ಟು ಉದ್ದದ ತಂತಿಯ ರೋಧವನ್ನು ಇಲ್ಲವಾಗಿಸುವುದು ಯಾರಿಂದಲೂ ಆಗದು; ಪ್ರವಾಹವನ್ನು ತಗ್ಗಿಸಬಹುದು. ಹತ್ತು ಲಕ್ಷ ವ್ಯಾಟನ್ನು 250 ವೋಲ್ಟಿನಲ್ಲಿ ಕಳುಹಿಸಬೇಕಾದರೆ 4,000 ಆಂಪಿಯರ್ ಬೇಕು. 30,000 ವೋಲ್ಟಿನಲ್ಲಿ ಕಳುಹಿಸಿದರೆ 33 ಆಂಪಿಯರ್ ಸಾಕು. ಒತ್ತಡವು 120 ಪಾಲು ಹೆಚ್ಚಾದುದರಿಂದ ಅದೇ ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟವು 14,400ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. (ಮೂರು ತಂತಿಗಳ ಸಾಗಣೆಯಲ್ಲಿ ಸೂತ್ರವು ತುಸು ಬೇರೆ, ಈ ಪ್ರಮಾಣವು ಬದಲಾಗದು.) ಅದಕ್ಕಾಗಿಯೇ ಅಲ್ಲಿಯೂ ಅತ್ಯುಚ್ಚ ಒತ್ತಡವನ್ನು ಆರಿಸಿಕೊಂಡರು. ಲೋಣಾವಳೆಯ ಕಡೆಯ ಕೆರೆಗಳ ನೀರನ್ನು ಘಟ್ಟದ ಕೆಳಗೆ ಇಳಿಸಿ ವಿದ್ಯುತ್ತು ಹುಟ್ಟಿಸುವ ಖೋಪೋಲಿಯ ಕೇಂದ್ರವು 1915ರಲ್ಲಿ ಆರಂಭವಾಯಿತು. ಮುಂಬಯಿಯ ಗಿರಣಿಗಳಿಗೆ ಅಲ್ಲಿಂದ ವಿದ್ಯುತ್ತು ಹೋದದ್ದೂ ಇದೇ ಉಪಾಯದಿಂದ.

ಇನ್ನು ನಿಮ್ಮ ಸರದಿ. ಸಂಜೆಯ ಹೊತ್ತು ಒತ್ತಡವು 230ರಿಂದ 180 ವೋಲ್ಟಿಗೆ ಇಳಿದಾಗ ನನ್ನ 35.3 ಓಮಿನ ಹೀಟರು ಎಷ್ಟು ವ್ಯಾಟಿನದಾಗುತ್ತದೆ? ಮೊದಲು ಪ್ರವಾಹವನ್ನು ಕಂಡುಹಿಡಿಯಿರಿ. ಉತ್ತರವು 1174 ಎಂದು ಬಂದರೆ ಒತ್ತಡದ ಇಳಿತವನ್ನು ಒಂದೇ ಸಲ ಲೆಕ್ಕಕ್ಕೆ ಹಿಡಿದಿದ್ದೀರಿ. 918ರ ಸಮೀಪ ಬಂದರೆ ಸರಿ.