ಓದುಗರ ಲೆಕ್ಕ ಯಾರ ಕೈಯಲ್ಲಿರಬೇಕು?

ಪ್ರೀತಿಯ ಕಿರಿಯ ಮಿತ್ರನಿಗೆ,

ಕನ್ನಡದಲ್ಲಿ ಜಾಲತಾಣ ಕಟ್ಟಲು ಹೊರಟಿರುವ ನಿನಗೆ ಇಂದಲ್ಲ ನಾಳೆ ಒಂದು ಪ್ರಶ್ನೆ ಎದುರಾಗುತ್ತದೆ: ಇದನ್ನು ಎಷ್ಟು ಜನ ಓದುತ್ತಿದ್ದಾರೆ, ಎಲ್ಲಿಂದ ಬರುತ್ತಿದ್ದಾರೆ? ಉತ್ತರಕ್ಕಾಗಿ ಯಾರನ್ನು ಕೇಳಿದರೂ ಸಾಮಾನ್ಯವಾಗಿ ಹೇಳುವ ಹೆಸರು ಗೂಗಲ್ ಅನಾಲಿಟಿಕ್ಸ್. 2005ರಿಂದ ಉಚಿತವಾಗಿ ಸಿಗುತ್ತಿರುವ ಸೇವೆ ಅದು. ಒಂದು ತುಣುಕು ಕೋಡ್ ಅಂಟಿಸಿದರೆ ಕೆಲಸ ಮುಗಿಯಿತು. ಆದರೂ ಆ ಲೆಕ್ಕವನ್ನು ಓಪನ್ ಸೋರ್ಸ್ ತಂತ್ರಾಂಶದಿಂದ ನಿನ್ನದೇ ಸರ್ವರ್‌ನಲ್ಲಿ ಇಟ್ಟುಕೋ ಎಂಬುದು ನನ್ನ ಸಲಹೆ. ಓದುಗರು ನಂಬಿ ಬರುವುದು ನಿನ್ನ ತಾಣಕ್ಕೆ. ಅವರ ಮಾಹಿತಿಗೆ ಉತ್ತರ ಹೇಳಬೇಕಾದವನು ನೀನಾದರೆ, ಆ ಮಾಹಿತಿ ನಿನ್ನ ಹತೋಟಿಯಲ್ಲೇ ಇರುವುದು ನ್ಯಾಯ.

ಇದು ಬರೀ ಆದರ್ಶದ ಮಾತಲ್ಲ. ಗೂಗಲ್ ತನ್ನ ಹಳೆಯ ಯೂನಿವರ್ಸಲ್ ಅನಾಲಿಟಿಕ್ಸ್ ಅನ್ನು 2023ರ ಜುಲೈ 1ರಿಂದ ನಿಲ್ಲಿಸಿತು. ಮರುವರ್ಷದ ಜುಲೈನಲ್ಲಿ ಹಳೆಯ ಅಂಕಿಅಂಶಗಳ ಬಾಗಿಲನ್ನೂ ಮುಚ್ಚಿತು. ಹೊಸ ಆವೃತ್ತಿ ಎಣಿಸುವ ರೀತಿಯೇ ಬೇರೆಯಾದ್ದರಿಂದ ಹಳೆಯ ದಾಖಲೆ ಅದರೊಳಗೆ ಬರಲಿಲ್ಲ. ಮುಂಚಿತವಾಗಿ ಇಳಿಸಿಟ್ಟುಕೊಳ್ಳದವರು ವರ್ಷಗಟ್ಟಲೆ ಕೂಡಿಟ್ಟ ಲೆಕ್ಕವನ್ನು ಕಳೆದುಕೊಂಡರು. ಯುರೋಪಿನ ಪಾಠ ಇನ್ನೂ ಗಂಭೀರ. 2022ರ ಜನವರಿಯಲ್ಲಿ ಪ್ರಕಟವಾದ ಆಸ್ಟ್ರಿಯಾದ ದತ್ತಾಂಶ ರಕ್ಷಣಾ ಪ್ರಾಧಿಕಾರದ ತೀರ್ಪು, ಗೂಗಲ್ ಅನಾಲಿಟಿಕ್ಸ್ ಮೂಲಕ ಓದುಗರ ಮಾಹಿತಿ ಅಮೆರಿಕಕ್ಕೆ ಹೋಗುವುದು ಕಾನೂನುಬಾಹಿರ ಎಂದಿತು. ಅದೇ ವರ್ಷ ಫ್ರಾನ್ಸ್ ಮತ್ತು ಇಟಲಿಯ ಪ್ರಾಧಿಕಾರಗಳೂ ಹಾಗೆಯೇ ಹೇಳಿದವು. 2023ರ ಜುಲೈನಲ್ಲಿ ಯುರೋಪ್ ಮತ್ತು ಅಮೆರಿಕದ ನಡುವೆ ಹೊಸ ವ್ಯವಸ್ಥೆ ಬಂದು ಆ ತಕರಾರು ಸಡಿಲವಾಯಿತು, ನಿಜ. ಆದರೆ ಆಸ್ಟ್ರಿಯಾದ ತೀರ್ಪಿನಲ್ಲಿ ತಪ್ಪಿತಸ್ಥ ಎನಿಸಿಕೊಂಡದ್ದು ತಾಣ ನಡೆಸುವ ಸಂಸ್ಥೆ. ಮಾಹಿತಿ ರವಾನೆಯ ಕುರಿತು ಗೂಗಲ್ ಮೇಲಿನ ದೂರು ವಜಾ ಆಯಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೇ ದಾರಿಯದು: ನಿನ್ನ ಪರವಾಗಿ ಬೇರೆಯವರು ಮಾಹಿತಿಯನ್ನು ನಿಭಾಯಿಸಿದರೂ ಹೊಣೆ ನಿನ್ನ ತಲೆಯ ಮೇಲೇ ಇರುತ್ತದೆ.

ಹಾಗಾದರೆ ಯಾವ ತಂತ್ರಾಂಶ? ಅದಕ್ಕೂ ಮೊದಲು, ಈ ಅಂಕಿಗಳನ್ನು ನೋಡಿ ನೀನು ಏನು ನಿರ್ಧಾರ ಮಾಡುತ್ತೀ ಎಂದು ಒಂದು ಹಾಳೆಯಲ್ಲಿ ಬರೆದುಕೋ. ಯಾವ ಬರಹ ಎಷ್ಟು ಸಲ ತೆರೆಯಿತು ಎಂಬುದಷ್ಟೇ ಸಾಕಾದರೆ ಗೋಆಕ್ಸೆಸ್ ಇದೆ. ಸರ್ವರ್ ಹೇಗೂ ಬರೆದಿಡುವ ಲಾಗ್ ಓದಿ ವರದಿ ಕೊಡುತ್ತದೆ, ಪುಟದಲ್ಲಿ ಯಾವ ಕೋಡನ್ನೂ ಸೇರಿಸಬೇಕಿಲ್ಲ. ಲಾಗ್‌ನಲ್ಲಿ ಬಾಟ್‌ಗಳ ಭೇಟಿಯೂ ಬೆರೆತಿರುವುದರಿಂದ ಆ ಸಂಖ್ಯೆಗಳನ್ನು ಸ್ವಲ್ಪ ಇಳಿಸಿಯೇ ಓದಬೇಕು. ಓದುಗರು ಯಾವ ತಾಣದಿಂದ ಬಂದರು, ಮೊಬೈಲಿನಿಂದಲೋ ಕಂಪ್ಯೂಟರಿನಿಂದಲೋ ಎಂಬುದು ಒಂದೇ ಪರದೆಯಲ್ಲಿ ಚೊಕ್ಕವಾಗಿ ಬೇಕೆಂದರೆ ಉಮಾಮಿ ಅಥವಾ ಪ್ಲಾಸಿಬಲ್. ಎರಡೂ ಕುಕಿ ಇಲ್ಲದೆ ಕೆಲಸ ಮಾಡುತ್ತವೆ. ಆದರೆ ಪ್ಲಾಸಿಬಲ್‌ಗೆ ಕ್ಲಿಕ್‌ಹೌಸ್ ಡೇಟಾಬೇಸ್ ಬೇಕಾದ್ದರಿಂದ ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಅದು ನಡೆಯದು. 2007ರಲ್ಲಿ ಪಿವಿಕ್ ಎಂದು ಹುಟ್ಟಿ 2018ರಲ್ಲಿ ಹೆಸರು ಬದಲಿಸಿಕೊಂಡ ಮಟೋಮೊ ಎಲ್ಲಕ್ಕಿಂತ ವಿಸ್ತಾರವಾದದ್ದು. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಇದ್ದರೆ ಸಾಕು, ಸಾಧಾರಣ ಹೋಸ್ಟಿಂಗ್‌ನಲ್ಲೂ ನಿಲ್ಲುತ್ತದೆ. ಕುಕಿ ಬಳಕೆಯನ್ನು ಮಾತ್ರ ನೀನೇ ನಿಲ್ಲಿಸಬೇಕು. ಪುಟಗಳ ವಿಳಾಸವನ್ನು ಕನ್ನಡದಲ್ಲೇ ಇಡುವುದಾದರೆ ಇನ್ನೊಂದು ಪರೀಕ್ಷೆ ಮಾಡು. ಲಾಗ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಒಂಬತ್ತು ರೋಮನ್ ಅಕ್ಷರ, ಅಂಕಿ, ಶೇಕಡಾ ಗುರುತುಗಳ ಸಾಲಾಗಿಬಿಡುತ್ತದೆ. ಅದನ್ನು ಮತ್ತೆ ಕನ್ನಡವಾಗಿ ತೋರಿಸದ ವರದಿಯನ್ನು ದಿನವೂ ಓದುವುದು ಕಷ್ಟ.

ಸ್ವಂತ ಸರ್ವರ್ ಎಂದರೆ ಸ್ವಂತ ತಲೆನೋವು ಎನ್ನುವವರ ಮಾತು ತಳ್ಳಿಹಾಕುವಂಥದ್ದಲ್ಲ. ಅಪ್‌ಡೇಟ್ ಮಾಡದೆ, ಬ್ಯಾಕಪ್ ಇಡದೆ ಬಿಟ್ಟ ಸರ್ವರ್ ಓದುಗರಿಗೆ ದೊಡ್ಡ ಕಂಪನಿಗಿಂತ ಹೆಚ್ಚು ಅಪಾಯಕಾರಿ. ಅಷ್ಟು ಸಮಯ ಕೊಡಲಾರೆಯಾದರೆ ಮಟೋಮೊ, ಪ್ಲಾಸಿಬಲ್‌ನವರೇ ಹಣ ಪಡೆದು ನಡೆಸಿಕೊಡುವ ಸೇವೆ ತೆಗೆದುಕೋ. ಮುಂದೆ ಸ್ವಂತ ಸರ್ವರ್‌ಗೆ ಬರುವ ದಾರಿ ಅಲ್ಲಿ ತೆರೆದಿರುತ್ತದೆ. ಓಪನ್ ಸೋರ್ಸ್ ಯೋಜನೆಯೂ ನಿಂತುಹೋಗಬಹುದಲ್ಲ ಎಂದರೆ, ಹೌದು, ನಿಲ್ಲಬಹುದು. ಆಗಲೂ ಕೋಡ್ ಮತ್ತು ಡೇಟಾಬೇಸ್ ನಿನ್ನ ಬಳಿಯೇ ಉಳಿಯುತ್ತವೆ, ಬೇರೆಯವರು ಆ ಕೋಡನ್ನು ಮುಂದುವರಿಸಲು ಲೈಸೆನ್ಸ್ ಅನುಮತಿ ಕೊಡುತ್ತದೆ. ಓದುಗರು ಏನೆಂದು ಹುಡುಕಿ ಬಂದರು ಎಂಬುದು ಇವುಗಳಿಂದ ತಿಳಿಯದು ಎಂಬ ಆಕ್ಷೇಪವೂ ಸರಿ. ಅದಕ್ಕೆ ಗೂಗಲ್ ಸರ್ಚ್ ಕನ್ಸೋಲ್ ಇದೆ, ಪುಟದಲ್ಲಿ ಓದುಗರನ್ನು ಹಿಂಬಾಲಿಸುವ ಕೋಡ್ ಇಡದೆಯೇ ಅದನ್ನು ಬಳಸಬಹುದು. ಗೂಗಲ್ ಜಾಹೀರಾತಿಗೆ ಹಣ ಸುರಿದು ಗ್ರಾಹಕರನ್ನು ತರುವ ವ್ಯಾಪಾರಕ್ಕೆ ಮಾತ್ರ ಅವರದೇ ಅನಾಲಿಟಿಕ್ಸ್ ಹೆಚ್ಚು ಅನುಕೂಲ ಎಂದು ನಾನು ಒಪ್ಪುತ್ತೇನೆ. ಬರಹ ಪ್ರಕಟಿಸುವ ತಾಣಕ್ಕೆ ಆ ಅಗತ್ಯವಿಲ್ಲ.

ಕೊನೆಯದಾಗಿ, ಮಾಹಿತಿ ನಿನ್ನ ಸರ್ವರ್‌ನಲ್ಲಿದೆ ಎಂದಮಾತ್ರಕ್ಕೆ ಕರ್ತವ್ಯ ಮುಗಿಯುವುದಿಲ್ಲ. ಐಪಿ ವಿಳಾಸದ ಕೊನೆಯ ಭಾಗವನ್ನು ಅಳಿಸಿಯೇ ಉಳಿಸು. ಬಿಡಿ ದಾಖಲೆಗಳನ್ನು ಕೆಲವು ತಿಂಗಳಲ್ಲಿ ತೆಗೆದುಹಾಕಿ ಒಟ್ಟು ಮೊತ್ತಗಳನ್ನಷ್ಟೇ ಇಟ್ಟುಕೋ. ಏನು ಎಣಿಸುತ್ತೀ, ಏಕೆ ಎಣಿಸುತ್ತೀ ಎಂಬುದನ್ನು ತಾಣದಲ್ಲೇ ನೇರ ಕನ್ನಡದಲ್ಲಿ ಬರೆದು ಹಾಕು. ಹಾಗೆ ಬರೆಯಲು ಸಂಕೋಚವೆನಿಸುವ ಯಾವುದೇ ಮಾಹಿತಿಯನ್ನು ಸಂಗ್ರಹಿಸಲೇಬೇಡ.

ಇಂತಿ,
ನಿನ್ನ ಶ್ರೇಯಸ್ಸನ್ನು ಬಯಸುವ ಹಿರಿಯ