ಶ್ವಾಸಕೋಶದಲ್ಲಿ ಮೃದ್ವಸ್ಥಿಯ ಗಡ್ಡೆ: ಹೆದರಬೇಕೆ?

ಪ್ರಶ್ನೆ: ತಂದೆಗೆ 58 ವರ್ಷ. ಹರ್ನಿಯಾ ಆಪರೇಷನ್ನಿಗೆ ಮುಂಚೆ ತೆಗೆದ ಎಕ್ಸ್‌-ರೇಯಲ್ಲಿ ಶ್ವಾಸಕೋಶದೊಳಗೆ ದುಂಡನೆಯ ಗಂಟು ಕಂಡಿತು. ಸಿ.ಟಿ. ಸ್ಕ್ಯಾನ್ ನೋಡಿದ ವೈದ್ಯರು, ‘ಹಮಾರ್ಟೋಮಾ, ಮೃದ್ವಸ್ಥಿಯ ಗಡ್ಡೆ, ಭಯವಿಲ್ಲ’ ಎಂದರು. ಶ್ವಾಸಕೋಶಕ್ಕೆ ಮೃದ್ವಸ್ಥಿ ಎಲ್ಲಿಂದ ಬಂತು? ಮುಂದೆ ಕ್ಯಾನ್ಸರ್ ಆಗುತ್ತದೆಯೇ?

ಉತ್ತರ: ಮೃದ್ವಸ್ಥಿ ಶ್ವಾಸಕೋಶಕ್ಕೆ ಹೊರಗಿನದಲ್ಲ. ಶ್ವಾಸನಾಳವೂ ಅದರ ದೊಡ್ಡ ಕವಲುಗಳೂ ಕುಸಿಯದಂತೆ ಹಿಡಿದಿರುವುದು ಅದೇ. ಹಮಾರ್ಟೋಮಾದಲ್ಲಿ ಮೃದ್ವಸ್ಥಿ, ಕೊಬ್ಬು, ಸ್ನಾಯು, ನಾರಿನ ಅಂಗಾಂಶ ಎಲ್ಲವೂ ಕ್ರಮ ತಪ್ಪಿ ಒಂದೆಡೆ ಗಂಟಾಗಿ ಬೆಳೆಯುತ್ತವೆ. ಇದು ಹುಟ್ಟಿನಿಂದ ಬಂದ ದೋಷವೆಂದು ಹಿಂದೆ ಭಾವಿಸಿದ್ದರು. ಆದರೆ ಇಂಥ ಅನೇಕ ಗಂಟುಗಳಲ್ಲಿ 12ನೇ ಕ್ರೋಮೋಸೋಮಿನ ಎಚ್‌ಎಂಜಿಎ2 ಎಂಬ ಜೀನ್ ಸ್ಥಾನಪಲ್ಲಟಗೊಂಡಿರುವುದು ಗೊತ್ತಾದ ಮೇಲೆ, ಇದನ್ನು ನಿಜವಾದ ಗಡ್ಡೆ, ಆದರೆ ಸಾಧು ಗಡ್ಡೆ ಎಂದೇ ಪರಿಗಣಿಸುತ್ತಾರೆ. ಶ್ವಾಸಕೋಶದ ಸಾಧು ಗಡ್ಡೆಗಳಲ್ಲಿ ಇದೇ ಅತಿ ಸಾಮಾನ್ಯ. ಗಂಡಸರಲ್ಲಿ, 50 ದಾಟಿದವರಲ್ಲಿ ಹೆಚ್ಚು. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಕ್ಯಾನ್ಸರ್ ಆಗಿ ಮಾರ್ಪಡುವುದು ತೀರಾ ಅಪರೂಪ.

ಸ್ಕ್ಯಾನಿನಲ್ಲಿ ಇದರ ಗುರುತು ಎರಡು: ಗಂಟಿನೊಳಗಿನ ಕೊಬ್ಬು ಮತ್ತು ಪಾಪ್‌ಕಾರ್ನ್ ಅರಳಿದಂತೆ ಕಾಣುವ ಕ್ಯಾಲ್ಸಿಯಂ. ನಮ್ಮಲ್ಲಿ ಕ್ಷಯ ವಾಸಿಯಾದ ಜಾಗದಲ್ಲೂ ಕ್ಯಾಲ್ಸಿಯಂ ಕೂತಿರುತ್ತದೆ. ಆದ್ದರಿಂದ ಕ್ಯಾಲ್ಸಿಯಂಗಿಂತ ಕೊಬ್ಬೇ ನೆಚ್ಚಬಹುದಾದ ಸುಳಿವು. ಎರಡೂ ಕಾಣದಿದ್ದರೆ, ಅಥವಾ ಗಂಟು ಬೇಗ ಬೆಳೆದರೆ, ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸಬೇಕಾಗಬಹುದು.

ಹೆಚ್ಚಿನ ಗಂಟುಗಳು ಶ್ವಾಸಕೋಶದ ಅಂಚಿನ ಕಡೆ ಇದ್ದು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಸುಮಾರು ಹತ್ತರಲ್ಲಿ ಒಂದು ಮಾತ್ರ ಶ್ವಾಸನಾಳದ ಕವಲಿನೊಳಗೆ ಬೆಳೆದು ದಾರಿ ಕಟ್ಟುತ್ತದೆ. ಆಗ ಬಿಡದ ಕೆಮ್ಮು, ಮತ್ತೆಮತ್ತೆ ನ್ಯುಮೋನಿಯಾ, ಕಫದಲ್ಲಿ ರಕ್ತ ಕಾಣಿಸಬಹುದು. ಅಂಥದ್ದನ್ನು ತೆಗೆಸುವುದು ಒಳ್ಳೆಯದು.

ಬರೀ ಮೃದ್ವಸ್ಥಿಯಿಂದಾದ ‘ಕಾಂಡ್ರೋಮಾ’ದ ಕಥೆ ಬೇರೆ. ಅದೂ ಸಾಧುವೇ, ಆದರೆ ಒಂಟಿಯಾಗಿ ಬರದೇ ಇರಬಹುದು. ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯ ಏಡನ್ ಕಾರ್ನಿ 1977ರಲ್ಲಿ ಗುರುತಿಸಿದ ‘ಕಾರ್ನಿ ಟ್ರಯಡ್’ ಎಂಬ ಅಪರೂಪದ ಕಾಯಿಲೆಯಲ್ಲಿ ಇದರ ಜೊತೆ ಜಠರದ ಗಡ್ಡೆ, ನರಗ್ರಂಥಿಗಳ ಗಡ್ಡೆಯೂ ಇರುತ್ತವೆ. ಅದು ಹೆಚ್ಚಾಗಿ ಕಾಡುವುದು ಎಳೆಯ ವಯಸ್ಸಿನ ಹೆಣ್ಣುಮಕ್ಕಳನ್ನು. ಅವರ ಶ್ವಾಸಕೋಶದಲ್ಲಿ ಕಾಂಡ್ರೋಮಾ ಕಂಡರೆ ಹೊಟ್ಟೆಯನ್ನೂ ಪರೀಕ್ಷಿಸಲೇಬೇಕು.

ನಿಮ್ಮ ತಂದೆಯ ಗಂಟಿನಲ್ಲಿ ಕೊಬ್ಬು ಕಂಡಿದೆಯೇ ಎಂದು ವೈದ್ಯರನ್ನು ಕೇಳಿ. ಹಳೆಯ ಎಕ್ಸ್‌-ರೇ ಮನೆಯಲ್ಲಿದ್ದರೆ ತಪ್ಪದೆ ಒಯ್ದು ತೋರಿಸಿ. ಅವರು ಹೇಳಿದ ಸಮಯಕ್ಕೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ.